ಪೇಜರ್ ಕೂಗಿದಾಗ ಓಡುವ ಜನ: ಬ್ರಿಟನ್ನಿನ ಲೈಫ್‌ಬೋಟ್ ಸ್ವಯಂಸೇವಕರ ಕೆಲಸ ನಡೆಯುವುದು ಹೇಗೆ?

ರಾತ್ರಿ ಎರಡು ಗಂಟೆ ಅಂದುಕೊಳ್ಳಿ. ಜನವರಿಯ ಚಳಿ. ಬ್ರಿಟನ್ನಿನ ಕರಾವಳಿಯ ಯಾವುದೋ ಒಂದು ಸಣ್ಣ ಊರು. ಹೊರಗೆ ಗಾಳಿ, ಮಳೆ. ಕಡಲಲ್ಲಿ ಎಂಟು ಮೈಲಿ ಆಚೆ ಒಂದು ಮೀನುಗಾರಿಕೆ ಬೋಟಿನ ಇಂಜಿನ್ ನಿಂತುಹೋಗಿದೆ, ಗಾಳಿ ಅದನ್ನು ಬಂಡೆಗಳ ಕಡೆಗೆ ತಳ್ಳುತ್ತಿದೆ, ಒಳಗೆ ನಾಲ್ಕು ಜನ ಇದ್ದಾರೆ. ಅವರು ರೇಡಿಯೋದಲ್ಲಿ ಕರೆ ಕೊಟ್ಟಾಗಿದೆ. ಈಗ ಅವರನ್ನು ಕರೆತರಲು ಯಾರು ಹೋಗಬೇಕು?

ನೌಕಾಪಡೆ ಅಥವಾ ಸರ್ಕಾರದ ಯಾವುದೋ ಇಲಾಖೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆದರೆ ಬಹುತೇಕ ಸಲ ಹೋಗುವವರು ಆ ಊರಿನ ಪ್ಲಂಬರ್, ಶಾಲೆಯ ಟೀಚರ್, ಬೇಕರಿ ನಡೆಸುವವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಹಾಸಿಗೆಯಿಂದ ಎದ್ದು, ಸಿಕ್ಕ ಬಟ್ಟೆ ಹಾಕಿಕೊಂಡು ದೋಣಿಮನೆಗೆ ಓಡುತ್ತಾರೆ. ಬೆಳಗ್ಗೆ ವಾಪಸ್ ಬಂದು ಮತ್ತೆ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದಕ್ಕೆ ಅವರಿಗೆ ಸಂಬಳ ಇಲ್ಲ.

ಇವರನ್ನೆಲ್ಲ ಒಟ್ಟು ಮಾಡಿರುವ ಸಂಸ್ಥೆ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಚಿಕ್ಕದಾಗಿ ಆರ್‌ಎನ್‌ಎಲ್‌ಐ. ಬ್ರಿಟನ್ ಮತ್ತು ಐರ್ಲೆಂಡ್ ಸುತ್ತ ಇದಕ್ಕೆ 238 ಲೈಫ್‌ಬೋಟ್ ನಿಲ್ದಾಣಗಳಿವೆ. ಶುರುವಾಗಿದ್ದು 1824ರ ಮಾರ್ಚ್ 4ರಂದು, ಲಂಡನ್ನಿನ ಒಂದು ಸಭೆಯಲ್ಲಿ. ಅದರ ಹಿಂದೆ ಇದ್ದವರು ಸರ್ ವಿಲಿಯಂ ಹಿಲರಿ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ವಾಸವಿದ್ದ ಅವರು ಕಣ್ಣೆದುರೇ ಹಡಗುಗಳು ಒಡೆಯುವುದನ್ನು, ಜನ ಮುಳುಗುವುದನ್ನು ನೋಡಿದ್ದರು. ಬರೀ ಮನವಿ ಬರೆದು ಸುಮ್ಮನೆ ಕೂತವರಲ್ಲ, ತಾವೇ ದೋಣಿ ಹತ್ತಿ ಹೋಗುತ್ತಿದ್ದರು. ಅಲ್ಲಿಂದ ಇವತ್ತಿನವರೆಗೆ ಈ ಸಂಸ್ಥೆಯವರು ಉಳಿಸಿದ ಜೀವಗಳು 1,40,000ಕ್ಕೂ ಹೆಚ್ಚು.

ಈಗ ಆ ರಾತ್ರಿಗೆ ವಾಪಸ್ ಬರೋಣ. ಯಾರಿಗೆ ಯಾರು ಹೇಳುತ್ತಾರೆ ಅನ್ನೋದು ಗೊತ್ತಾದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥ ಆಗುತ್ತದೆ.

ಬೋಟಿನವರ ಕರೆ ಮೊದಲು ಸೇರುವುದು ಕೋಸ್ಟ್‌ಗಾರ್ಡ್‌ಗೆ. ಇದು ಸರ್ಕಾರದ್ದು, ಇಲ್ಲಿ ಸಂಬಳದ ಜನ ಇಪ್ಪತ್ತನಾಲ್ಕು ಗಂಟೆ ರೇಡಿಯೋ ಮತ್ತು ಫೋನು ಕೇಳುತ್ತಾ ಕೂತಿರುತ್ತಾರೆ. ದಡದಿಂದ ನೋಡಿದವರು ಅಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅಂದರೂ ಇಲ್ಲಿಗೇ ಬರುತ್ತದೆ. ಯಾವ ಜಾಗ, ಎಷ್ಟು ಜನ, ಗಾಳಿ ಯಾವ ಕಡೆ, ಉಬ್ಬರವೋ ಇಳಿತವೋ ಎಲ್ಲ ನೋಡಿ, ಹೆಲಿಕಾಪ್ಟರ್ ಕಳಿಸಬೇಕಾ, ಲೈಫ್‌ಬೋಟ್ ಕೇಳಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. "ಕೇಳಬೇಕಾ" ಅನ್ನೋ ಮಾತನ್ನು ಬೇಕಂತಲೇ ಬಳಸಿದೆ. ಕೋಸ್ಟ್‌ಗಾರ್ಡ್ ಲೈಫ್‌ಬೋಟಿಗೆ ಆರ್ಡರ್ ಮಾಡುವುದಿಲ್ಲ, ವಿನಂತಿ ಮಾಡುತ್ತದೆ. ಪ್ರತಿ ನಿಲ್ದಾಣದಲ್ಲೂ ದೋಣಿ ಇಳಿಸಲು ಒಪ್ಪಿಗೆ ಕೊಡುವ ಒಬ್ಬರು ಇರುತ್ತಾರೆ, ಅವರೂ ಸ್ವಯಂಸೇವಕರೇ. ಅವರು ಹೂಂ ಅಂದ ಮೇಲೆ ಎಲ್ಲರ ಪೇಜರ್ ಒಟ್ಟಿಗೆ ಕೂಗುತ್ತದೆ.

ಈ ಮೊಬೈಲ್ ಕಾಲದಲ್ಲೂ ಪೇಜರ್ ಯಾಕೆ ಅಂತ ಅನ್ನಿಸಬಹುದು. ಅದು ಒಂದೇ ಕೆಲಸ ಮಾಡುತ್ತದೆ. ಆ ಸದ್ದು ಕೇಳಿದರೆ ಅದು ಬೇರೆ ಯಾವುದೂ ಆಗಿರಲು ಸಾಧ್ಯವಿಲ್ಲ. ಪೇಜರ್ ಬರುವ ಮೊದಲು ಮರೂನ್ ಅನ್ನೋ ರಾಕೆಟ್ ಹಾರಿಸುತ್ತಿದ್ದರು. ಆಕಾಶದಲ್ಲಿ ಅದು ಸಿಡಿದರೆ ಇಡೀ ಊರಿಗೆ ಗೊತ್ತಾಗುತ್ತಿತ್ತು, ಯಾರೋ ಕಡಲಲ್ಲಿ ಕಷ್ಟದಲ್ಲಿದ್ದಾರೆ ಅಂತ. ಅವರ ಬಾಯಲ್ಲಿ ಇಂಥ ಪ್ರತಿ ಕರೆಗೆ ಹೆಸರು "ಶೌಟ್".

ಎಲ್ಲರೂ ಓಡಿಬರುತ್ತಾರೆ, ಆದರೆ ಎಲ್ಲರೂ ದೋಣಿ ಹತ್ತುವುದಿಲ್ಲ. ದೊಡ್ಡ ದೋಣಿಯಲ್ಲಿ ಆರು-ಏಳು ಜನ, ಚಿಕ್ಕದರಲ್ಲಿ ಮೂರು-ನಾಲ್ಕು. ಬಂದವರಲ್ಲಿ ಯಾರು ಹೋಗಬೇಕು ಅಂತ ಆರಿಸುವುದು ಕಾಕ್ಸ್‌ವೈನ್, ಅಂದರೆ ದೋಣಿ ನಡೆಸುವ ಮುಖ್ಯಸ್ಥ. ನಮ್ಮ ಕರಾವಳಿಯಲ್ಲಿ ತಾಂಡೇಲ ಅಂತೀವಲ್ಲ, ಆ ಸ್ಥಾನ. ಇವತ್ತಿನ ಕಡಲಿಗೆ ಯಾರು ಸರಿ, ಪ್ರಥಮ ಚಿಕಿತ್ಸೆ ಚೆನ್ನಾಗಿ ಬಲ್ಲವರು ಒಬ್ಬರು ಇದ್ದಾರಾ, ಇಂಜಿನ್ ನೋಡುವವರು ಇದ್ದಾರಾ, ಹೊಸಬರನ್ನು ಕರೆದುಕೊಂಡು ಹೋಗುವಷ್ಟು ಶಾಂತವಾಗಿದೆಯಾ, ಇದೆಲ್ಲ ಒಂದೆರಡು ನಿಮಿಷದಲ್ಲಿ ಆಗಬೇಕು. ಉಳಿದವರು ಬೇಜಾರು ಮಾಡಿಕೊಂಡು ಮನೆಗೆ ಹೋಗಿಬಿಡುವಂತಿಲ್ಲ. ಅವರಿಗೂ ದಡದಲ್ಲಿ ಕೆಲಸ ಕಾಯುತ್ತಿರುತ್ತದೆ, ಅದಕ್ಕೆ ಆಮೇಲೆ ಬರ್ತೀನಿ.

ನಿಲ್ದಾಣದಿಂದ ಕೆಲವೇ ನಿಮಿಷದ ದೂರದಲ್ಲಿ ವಾಸ ಅಥವಾ ಕೆಲಸ ಇರಬೇಕು ಅನ್ನೋದು ಸೇರುವವರಿಗೆ ಮೊದಲ ಷರತ್ತು. ಕಡಲಿನ ಅನುಭವ ಇರಲೇಬೇಕು ಅಂತ ಇಲ್ಲ. ಹೊಸದಾಗಿ ಸೇರುವವರಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಕಡಲ ಕೆಲಸದ ಹಿನ್ನೆಲೆ ಇರುತ್ತದೆ. ಮೊದಲೆಲ್ಲ ಹೀಗಿರಲಿಲ್ಲ. ಊರಿನ ಮೀನುಗಾರರೇ ಲೈಫ್‌ಬೋಟಿನವರೂ ಆಗಿದ್ದರು, ಕಡಲಿನ ಸೆಳೆತ, ಬಂಡೆ, ಗಾಳಿ ಎಲ್ಲ ಅವರಿಗೆ ಹುಟ್ಟಿನಿಂದ ಗೊತ್ತಿತ್ತು. ಮೀನುಗಾರಿಕೆ ಕಡಿಮೆಯಾದ ಹಾಗೆ ಆ ಜನವೂ ಕಡಿಮೆಯಾದರು. ಆದ್ದರಿಂದ ಅನುಭವದ ಜಾಗವನ್ನು ತರಬೇತಿ ತುಂಬಬೇಕಾಯಿತು.

ತರಬೇತಿ ಪ್ರತಿ ವಾರ ಊರಲ್ಲೇ ನಡೆಯುತ್ತದೆ. ಜೊತೆಗೆ ಡಾರ್ಸೆಟ್ ಜಿಲ್ಲೆಯ ಪೂಲ್ ಊರಲ್ಲಿ ಸಂಸ್ಥೆಯ ಕಾಲೇಜೇ ಇದೆ. ಅಲ್ಲಿ ಅಲೆ ಎಬ್ಬಿಸುವ ದೊಡ್ಡ ಕೊಳ. ದೀಪ ಆರಿಸಿ, ಗುಡುಗಿನ ಸದ್ದು ಹಾಕಿ, ದೋಣಿಯನ್ನು ಬೋರಲು ಹಾಕಿ, ಅದರ ಕೆಳಗಿನಿಂದ ಹೊರಬರುವುದನ್ನು ಕಲಿಸುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಪ್ರಥಮ ಚಿಕಿತ್ಸೆ ಕಲಿಸುವ ರೀತಿ. ರೋಗದ ಹೆಸರು, ಶರೀರಶಾಸ್ತ್ರ ಎಲ್ಲ ಬಾಯಿಪಾಠ ಮಾಡಿಸುವುದಿಲ್ಲ. ಕಣ್ಣಿಗೆ ಏನು ಕಾಣುತ್ತಿದೆ ಅನ್ನೋದರಿಂದ ಶುರು ಮಾಡುತ್ತಾರೆ. ಉಸಿರು ಇದೆಯಾ, ರಕ್ತ ಸುರಿಯುತ್ತಿದೆಯಾ, ಮಾತಾಡಿಸಿದರೆ ಉತ್ತರ ಬರುತ್ತಾ? ಅದಕ್ಕೆ ತಕ್ಕ ಹಾಗೆ ಮುಂದೇನು ಅಂತ ಹೇಳುವ ಕಾರ್ಡುಗಳು ದೋಣಿಯಲ್ಲೇ ಇರುತ್ತವೆ. ಆರು ತಿಂಗಳ ಹಿಂದೆ ಕಲಿತದ್ದು ಕತ್ತಲಲ್ಲಿ, ಕುಲುಕುವ ದೋಣಿಯಲ್ಲಿ, ಕೈ ಮರಗಟ್ಟಿರುವಾಗ ನೆನಪಿಗೆ ಬರುವುದಿಲ್ಲ ಅಂತ ಒಪ್ಪಿಕೊಂಡು ಮಾಡಿದ ವ್ಯವಸ್ಥೆ ಅದು. ಮನುಷ್ಯ ಹೇಗಿದ್ದಾನೋ ಹಾಗೆ ತೆಗೆದುಕೊಂಡು ನಿಯಮ ಮಾಡಿದ್ದಾರೆ.

ಇಲ್ಲಿನ ನಿಯಮಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇವತ್ತು ಲೈಫ್‌ಬೋಟಿನಲ್ಲಿ ಇರುವ ಎಷ್ಟೋ ವಸ್ತುಗಳ ಹಿಂದೆ ಯಾರದೋ ಸಾವಿದೆ.

ಲೈಫ್ ಜಾಕೆಟ್ ತೆಗೆದುಕೊಳ್ಳಿ. 1854ರಲ್ಲಿ ಕ್ಯಾಪ್ಟನ್ ವಾರ್ಡ್ ಅನ್ನೋ ಅಧಿಕಾರಿ ಬೆಂಡಿನಂಥ ಕಾರ್ಕಿನ ತುಂಡುಗಳನ್ನು ಹೊಲಿದು ಒಂದು ಜಾಕೆಟ್ ಮಾಡಿದರು. ಹುಟ್ಟು ಹಾಕುವುದಕ್ಕೆ ಅಡ್ಡಿ ಅಂತ ಎಷ್ಟೋ ಜನಕ್ಕೆ ಅದು ಇಷ್ಟವಿರಲಿಲ್ಲ. 1861ರ ಫೆಬ್ರವರಿಯಲ್ಲಿ ವಿಟ್ಬಿ ಊರಿನ ಲೈಫ್‌ಬೋಟ್ ಒಂದೇ ದಿನ ಮತ್ತೆ ಮತ್ತೆ ಕಡಲಿಗೆ ಹೋಯಿತು. ಕೊನೆಯ ಸಲ ಮಗುಚಿತು. ಹದಿಮೂರು ಜನರಲ್ಲಿ ಹನ್ನೆರಡು ಜನ ಸತ್ತರು. ಉಳಿದವರು ಹೆನ್ರಿ ಫ್ರೀಮನ್ ಒಬ್ಬರೇ. ಆ ದಿನ ಹೊಸ ಕಾರ್ಕ್ ಜಾಕೆಟ್ ಹಾಕಿಕೊಂಡಿದ್ದವರು ಅವರೊಬ್ಬರೇ. ಅದಾದ ಮೇಲೆ ಜಾಕೆಟ್ ಬೇಕಾ ಬೇಡವಾ ಅನ್ನೋ ವಾದಕ್ಕೆ ಜಾಗವೇ ಉಳಿಯಲಿಲ್ಲ.

ದೋಣಿಯ ವಿಷಯವೂ ಹಾಗೇ. 1969ರ ಮಾರ್ಚ್ 17ರಂದು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಲಾಂಗ್‌ಹೋಪ್ ನಿಲ್ದಾಣದ ದೋಣಿ ಐರೀನ್ ಅನ್ನೋ ಹಡಗಿನವರನ್ನು ಉಳಿಸಲು ಹೋಯಿತು. ಮರುದಿನ ಬೋರಲಾಗಿ ತೇಲುತ್ತಿದ್ದದ್ದು ಸಿಕ್ಕಿತು. ಅದರಲ್ಲಿದ್ದ ಎಂಟು ಜನರೂ ತೀರಿಕೊಂಡಿದ್ದರು. ಅವರಲ್ಲಿ ಕಾಕ್ಸ್‌ವೈನ್ ಮತ್ತು ಅವರ ಇಬ್ಬರು ಗಂಡುಮಕ್ಕಳು, ಮೆಕ್ಯಾನಿಕ್ ಮತ್ತು ಅವರ ಇಬ್ಬರು ಗಂಡುಮಕ್ಕಳು. ಎರಡು ಮನೆಗಳಿಂದ ಆರು ಜನ. ಐರೀನ್ ಹಡಗಿನ ಹದಿನೇಳು ಜನರನ್ನು ದಡದಿಂದಲೇ ಹಗ್ಗ ಕಟ್ಟಿ ಎಳೆದು ಉಳಿಸಲಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಲಾಂಗ್‌ಹೋಪಿನ ಆ ದೋಣಿ ಮಗುಚಿದರೆ ತಾನಾಗಿ ಏಳುವಂಥದ್ದಾಗಿರಲಿಲ್ಲ. ಇವತ್ತು ಸಂಸ್ಥೆಯ ದೊಡ್ಡ ದೋಣಿಗಳೆಲ್ಲ ಏಳುತ್ತವೆ. ಅದು ಹೇಗೆ ಅಂತೀರಾ? ಖಾಲಿ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಒಂದು ಕಲ್ಲು ಅಂಟಿಸಿ, ಮುಚ್ಚಳ ಬಿಗಿದು, ಬಕೆಟ್ ನೀರಿನಲ್ಲಿ ತಲೆಕೆಳಗೆ ಹಿಡಿದು ಕೈ ಬಿಟ್ಟು ನೋಡಿ. ಬಾಟಲಿ ಆ ಭಂಗಿಯಲ್ಲಿ ನಿಲ್ಲಲಾರದೆ ತಿರುಗಿಕೊಳ್ಳುತ್ತದೆ. ಲೈಫ್‌ಬೋಟಿನಲ್ಲಿ ಇಂಜಿನ್ ಮತ್ತು ಭಾರವೆಲ್ಲ ತಳದಲ್ಲಿರುತ್ತದೆ. ಮೇಲಿನ ಕ್ಯಾಬಿನ್ ನೀರು ಒಳಗೆ ಬಾರದ ಹಾಗೆ ಮುಚ್ಚಿರುತ್ತದೆ, ಅದರ ತುಂಬ ಗಾಳಿ. ಅಲೆ ಹೊಡೆದು ದೋಣಿ ಬೋರಲಾದರೆ ಗಾಳಿ ತುಂಬಿದ ಭಾಗ ನೀರಿನೊಳಗೆ ಸಿಕ್ಕಿ ಮೇಲಕ್ಕೆ ಬರಲು ಒದ್ದಾಡುತ್ತದೆ, ಭಾರದ ಭಾಗ ಕೆಳಗೆ ಹೋಗಲು ನೋಡುತ್ತದೆ, ಕೆಲವೇ ಸೆಕೆಂಡುಗಳಲ್ಲಿ ದೋಣಿ ನೆಟ್ಟಗಾಗುತ್ತದೆ. ಒಳಗಿನವರು ಬೆಲ್ಟ್ ಹಾಕಿಕೊಂಡು ಸೀಟಿನಲ್ಲಿ ಕೂತಿರಬೇಕು ಮತ್ತು ಬಾಗಿಲು ಮುಚ್ಚಿರಬೇಕು, ಅಷ್ಟೇ. ಚಿಕ್ಕ ರಬ್ಬರ್ ದೋಣಿಗಳಿಗೆ ಇಷ್ಟು ಗಾಳಿ ತುಂಬಿದ ಕ್ಯಾಬಿನ್ ಇರುವುದಿಲ್ಲ. ಅದಕ್ಕೇ ಅಟ್ಲಾಂಟಿಕ್ 85 ಅನ್ನೋ ದೋಣಿಯ ಹಿಂಭಾಗದ ಕಮಾನಿನ ಮೇಲೆ ಒಂದು ಮಡಚಿದ ಚೀಲ ಕಟ್ಟಿರುತ್ತಾರೆ. ಮಗುಚಿದಾಗ ಸಿಬ್ಬಂದಿ ಒಂದು ಹಿಡಿ ಎಳೆದರೆ ಚೀಲ ಉಬ್ಬಿ ದೋಣಿಯನ್ನು ತಿರುಗಿಸುತ್ತದೆ.

2013ರಿಂದ ಬಂದ ಶ್ಯಾನನ್ ಮಾದರಿಯ ದೋಣಿಗೆ ಪ್ರೊಪೆಲ್ಲರೇ ಇಲ್ಲ. ನೀರನ್ನು ಒಳಗೆಳೆದು ಹಿಂದಕ್ಕೆ ಚಿಮ್ಮಿಸಿ ಓಡುತ್ತದೆ. ಇದರಿಂದ ಆಳವಿಲ್ಲದ ನೀರಿಗೂ ನುಗ್ಗಬಹುದು, ಬೇಕಾದರೆ ನೇರ ಮರಳಿನ ಮೇಲೇ ಹತ್ತಿಸಬಹುದು, ನೀರಲ್ಲಿ ಬಿದ್ದವರಿಗೆ ಪ್ರೊಪೆಲ್ಲರ್ ತಗಲುವ ಭಯವೂ ಇಲ್ಲ. ಒಂದಕ್ಕೆ 20 ಲಕ್ಷ ಪೌಂಡ್‌ಗೂ ಹೆಚ್ಚು ಖರ್ಚು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿಗೂ ಮೇಲೆ.

ಸಂಬಳ ಬೇಡ ಅನ್ನೋ ಜನರೇನೋ ಸಿಕ್ಕರು, ಇಂಥ ದೋಣಿಗೆ ದುಡ್ಡು ಎಲ್ಲಿಂದ?

ಹೆಚ್ಚಿನದು ಸಾಮಾನ್ಯ ಜನರಿಂದ. ಇದರ ಹಿಂದೆಯೂ ಒಂದು ದುರಂತ ಇದೆ. 1886ರ ಡಿಸೆಂಬರ್ 9ರ ರಾತ್ರಿ ಮೆಕ್ಸಿಕೋ ಅನ್ನೋ ಹೆಸರಿನ ಹಡಗು ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ಸಿಕ್ಕಿಹಾಕಿಕೊಂಡಿತು. ಮೂರು ನಿಲ್ದಾಣಗಳಿಂದ ಮೂರು ದೋಣಿಗಳು ಹೊರಟವು. ಎರಡು ವಾಪಸ್ ಬರಲಿಲ್ಲ, 27 ಲೈಫ್‌ಬೋಟ್ ಸಿಬ್ಬಂದಿ ಸತ್ತರು. ಮೂರನೆಯ ದೋಣಿ ಹಡಗಿನ ಹನ್ನೆರಡು ಜನರನ್ನು ಉಳಿಸಿತು. ಸತ್ತವರ ಹೆಂಡತಿ ಮಕ್ಕಳಿಗೆ ಗತಿಯೇನು ಅನ್ನೋ ಪ್ರಶ್ನೆ ಎದ್ದಾಗ, ಚಾರ್ಲ್ಸ್ ಮಕಾರ ಎಂಬ ಬಟ್ಟೆ ಗಿರಣಿ ಉದ್ಯಮಿ ಒಂದು ವಿಷಯ ಗಮನಿಸಿದರು. ಸಂಸ್ಥೆಗೆ ಅಲ್ಲಿಯವರೆಗೆ ದುಡ್ಡು ಕೊಡುತ್ತಿದ್ದವರು ಕೆಲವೇ ಶ್ರೀಮಂತರು. ಇದನ್ನು ಬೀದಿಗೆ ತರಬೇಕು ಅಂತ 1891ರಲ್ಲಿ ಮ್ಯಾಂಚೆಸ್ಟರಿನಲ್ಲಿ ಲೈಫ್‌ಬೋಟುಗಳನ್ನೇ ಮೆರವಣಿಗೆ ಮಾಡಿ, ಜನರ ಮುಂದೆ ಡಬ್ಬಿ ಹಿಡಿದರು. ಒಂದೇ ದಿನಕ್ಕೆ 5,000 ಪೌಂಡಿಗೂ ಹೆಚ್ಚು ಬಂತು. ಬೀದಿಯಲ್ಲಿ ಡಬ್ಬಿ ಹಿಡಿದು ಚಂದಾ ಎತ್ತುವ ಪದ್ಧತಿ ಶುರುವಾಗಿದ್ದೇ ಅಲ್ಲಿಂದ ಅನ್ನುತ್ತಾರೆ.

ಇವತ್ತು ಅತಿ ದೊಡ್ಡ ಪಾಲು ಬರುವುದು ಉಯಿಲುಗಳಿಂದ. ಸಾಯುವ ಮುಂಚೆ ಜನ ತಮ್ಮ ಆಸ್ತಿಯಲ್ಲಿ ಒಂದಿಷ್ಟು ಲೈಫ್‌ಬೋಟಿಗೆ ಅಂತ ಬರೆದಿಡುತ್ತಾರೆ. ಹತ್ತು ಸಲ ದೋಣಿ ಇಳಿದರೆ ಅದರಲ್ಲಿ ಆರು ಸಲದ ಖರ್ಚು ಈ ಉಯಿಲಿನ ದುಡ್ಡಿನದು. ಕಡಲನ್ನೇ ಕಾಣದೆ ಒಳನಾಡಿನ ಪಟ್ಟಣದಲ್ಲಿ ಬದುಕು ಕಳೆದ ಯಾವುದೋ ಅಜ್ಜಿಯ ಉಳಿತಾಯ ಇನ್ಯಾರದೋ ಮಗನನ್ನು ನೀರಿನಿಂದ ಎತ್ತುತ್ತದೆ.

ದಡದಲ್ಲಿ ಉಳಿದವರ ಮಾತು ಹೇಳ್ತೀನಿ ಅಂದಿದ್ದೆ. ದೋಣಿಯನ್ನು ನೀರಿಗಿಳಿಸಲು ಟ್ರ್ಯಾಕ್ಟರ್ ಓಡಿಸುವವರು, ಹಗ್ಗ ಬಿಚ್ಚುವವರು, ರೇಡಿಯೋ ಕೇಳುತ್ತಾ ಕೂರುವವರು, ದೋಣಿ ಬಂದ ಮೇಲೆ ಉಪ್ಪುನೀರೆಲ್ಲ ತೊಳೆದು, ಡೀಸೆಲ್ ತುಂಬಿ, ಮುಂದಿನ ಕರೆಗೆ ತಯಾರು ಮಾಡುವವರು. ಈ ತೊಳೆಯುವ ಕೆಲಸಕ್ಕೇ ಎಷ್ಟೋ ಸಲ ಒಂದು ಗಂಟೆ ಬೇಕು, ಅದೂ ಬೆಳಗಿನ ಜಾವ ಐದಕ್ಕೆ. ಹಿಂದೆ ಟ್ರ್ಯಾಕ್ಟರ್ ಇಲ್ಲದ ಕಾಲದಲ್ಲಿ ಡಂಜನೆಸ್‌ನಂಥ ಊರುಗಳಲ್ಲಿ ಹೆಂಗಸರೇ ಭಾರದ ದೋಣಿಯನ್ನು ಕಲ್ಲುದಂಡೆಯ ಮೇಲೆ ಎಳೆದು ನೀರಿಗೆ ಬಿಡುತ್ತಿದ್ದರು. ಗಂಡ, ಅಣ್ಣ, ಮಗ ಕೂತಿರುವ ದೋಣಿಯನ್ನು ಬಿರುಗಾಳಿಗೆ ತಮ್ಮ ಕೈಯಾರೆ ತಳ್ಳುತ್ತಿದ್ದರು. ದೋಣಿಯ ಒಳಗೆ ಹೆಣ್ಣುಮಗಳೊಬ್ಬಳು ಅಧಿಕೃತ ಸಿಬ್ಬಂದಿಯಾಗಿ ಕೂರಲು 1969ರವರೆಗೆ ಕಾಯಬೇಕಾಯಿತು. ವೇಲ್ಸಿನ ಅಟ್ಲಾಂಟಿಕ್ ಕಾಲೇಜಿನಲ್ಲಿ ಓದುತ್ತಿದ್ದ ಹದಿನೆಂಟರ ಎಲಿಜಬೆತ್ ಹಾಸ್ಟ್‌ವೆಟ್ ಮೊದಲನೆಯವರು. ಆ ತಡಕ್ಕೆ ನನ್ನ ಮಟ್ಟಿಗೆ ಯಾವ ಸಮರ್ಥನೆಯೂ ಇಲ್ಲ.

ಹಾಗಾದರೆ ಸರ್ಕಾರವೇ ಸಂಬಳ ಕೊಟ್ಟು ಜನ ಇಡಬಾರದಾ? ನ್ಯಾಯವಾದ ಪ್ರಶ್ನೆ. ಒಂದು ನಿಲ್ದಾಣದಲ್ಲಿ ಹಗಲೂ ರಾತ್ರಿ ಪಾಳಿಯಲ್ಲಿ ಜನ ಇಡಬೇಕಾದರೆ ಹತ್ತಾರು ನೌಕರರು ಬೇಕು. ಎಷ್ಟೋ ನಿಲ್ದಾಣಗಳಿಗೆ ವಾರಗಟ್ಟಲೆ ಕರೆಯೇ ಬರುವುದಿಲ್ಲ. ಹಾಗಂತ ಅವುಗಳನ್ನು ಮುಚ್ಚಿದರೆ ಮುಂದಿನ ದೋಣಿ ಬರಲು ಒಂದು ಗಂಟೆ ಆಗಬಹುದು, ಚಳಿ ನೀರಲ್ಲಿ ಬಿದ್ದವರಿಗೆ ಅಷ್ಟು ಹೊತ್ತು ಇರುವುದಿಲ್ಲ. ಊರಲ್ಲೇ ಇರುವ ಜನ, ತಮ್ಮ ಕೆಲಸ ಮಾಡಿಕೊಂಡು, ಬೇಕಾದಾಗ ಬರುವುದೇ ಇದಕ್ಕೆ ಸಿಕ್ಕ ಉತ್ತರ. ಎಲ್ಲ ಕಡೆ ಇದೇ ಸರಿ ಅಂತಲ್ಲ. ಲಂಡನ್ನಿನ ಥೇಮ್ಸ್ ನದಿಯಲ್ಲಿ 1989ರಲ್ಲಿ ಮಾರ್ಶನೆಸ್ ಎಂಬ ವಿಹಾರದ ದೋಣಿ ಮುಳುಗಿ 51 ಜನ ಸತ್ತ ಮೇಲೆ, 2002ರಲ್ಲಿ ಅಲ್ಲಿ ಲೈಫ್‌ಬೋಟ್ ನಿಲ್ದಾಣಗಳು ಬಂದವು. ಟವರ್ ನಿಲ್ದಾಣಕ್ಕೆ ದಿನವೂ ಕರೆ ಬರುವುದರಿಂದ ಅಲ್ಲಿ ಸಂಬಳದ ಸಿಬ್ಬಂದಿ ಸ್ವಯಂಸೇವಕರ ಜೊತೆ ಪಾಳಿಯಲ್ಲಿ ಸದಾ ತಯಾರಾಗಿರುತ್ತಾರೆ. ಬೇರೆ ನಿಲ್ದಾಣಗಳಲ್ಲೂ ಮೆಕ್ಯಾನಿಕ್ ಅಥವಾ ಕಾಕ್ಸ್‌ವೈನ್‌ಗೆ ಸಂಬಳ ಇರುವುದುಂಟು.

ನಮ್ಮಲ್ಲಿ ದಾರಿ ಬೇರೆ. ಭಾರತದಲ್ಲಿ ಇದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೊಣೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊತ್ತಲ್ಲಿ ಮಂಗಳೂರಿನ ಉತ್ತರಕ್ಕೆ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಹಡಗು) ಬಂಡೆಗೆ ಸಿಕ್ಕಿಕೊಂಡಿತು. ಒಳಗಿದ್ದ ಒಂಬತ್ತು ಜನರನ್ನು ಉಳಿಸಿದ್ದು ಅವರೇ, ಹೆಲಿಕಾಪ್ಟರಿನಲ್ಲೂ ಎತ್ತಬೇಕಾಯಿತು. ಆದರೆ ಮೀನುಗಾರಿಕೆ ಬೋಟೊಂದು ಅಳಿವೆಯಲ್ಲಿ ಮಗುಚಿದರೆ ಮೊದಲು ಹತ್ತಿರ ಬರುವುದು ಪಕ್ಕದ ಬೋಟಿನವರು, ಅವರಿಗೆ ಪೇಜರೂ ಇಲ್ಲ, ಕಾಲೇಜೂ ಇಲ್ಲ, ಅಲೆಗೆ ನಿಲ್ಲುವ ದೋಣಿಯೂ ಇಲ್ಲ. 2018ರ ಕೇರಳದ ಪ್ರವಾಹದಲ್ಲಿ ಲಾರಿಗಳ ಮೇಲೆ ದೋಣಿ ಹೇರಿಕೊಂಡು ಬಂದ ಮೀನುಗಾರರನ್ನು ನೆನಪು ಮಾಡಿಕೊಳ್ಳಿ. ಜನ ಇದ್ದಾರೆ, ಮನಸ್ಸೂ ಇದೆ. ಅವರ ಕೈಗೆ ಒಳ್ಳೆ ಸಲಕರಣೆ, ತರಬೇತಿ, ವಿಮೆ ಸಿಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೀವು ಕಡಲತೀರಕ್ಕೆ ಹೋಗುವವರಾದರೆ ಎರಡು ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.

ಇನ್ನೊಂದು ಮಾತು, ಆರ್‌ಎನ್‌ಎಲ್‌ಐ ವರ್ಷವರ್ಷವೂ ಜನರಿಗೆ ಹೇಳುವುದು. ನೀರಲ್ಲಿ ಆಕಸ್ಮಿಕವಾಗಿ ಬಿದ್ದರೆ ಅಥವಾ ಸೆಳೆತಕ್ಕೆ ಸಿಕ್ಕರೆ ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರಿಗೆ ತಾಗಲಿ, ಬಾಯಿ ಮೂಗು ಆಕಾಶದ ಕಡೆ ಇರಲಿ, ಕೈ ಮೆಲ್ಲಗೆ ಆಡಿಸುತ್ತಾ ತೇಲಿ. ಉಸಿರು ಹತೋಟಿಗೆ ಬಂದ ಮೇಲೆ ಕೂಗಿ, ಇಲ್ಲವೇ ಸೆಳೆತಕ್ಕೆ ಎದುರಾಗಿ ಹೋಗದೆ ದಡಕ್ಕೆ ಸಮಾನಾಂತರವಾಗಿ ಈಜಿ. ಇದು ಮುರುಡೇಶ್ವರಕ್ಕೂ ಮಲ್ಪೆಗೂ ಅಷ್ಟೇ ಅನ್ವಯಿಸುತ್ತದೆ. ಮಕ್ಕಳಿಗೆ ಹೇಳಿಕೊಡಿ.

ಬಿರುಗಾಳಿಯ ಕಥೆಗಳನ್ನೇ ಹೇಳಿದ್ದರಿಂದ ದಿನವೂ ಹೀಗೇ ಅಂತ ಅನ್ನಿಸಬಾರದು. ಹೆಚ್ಚಿನ ಕರೆಗಳು ಸಾಧಾರಣವಾದವು. ಇಂಜಿನ್ ಕೆಟ್ಟ ದೋಣಿ, ಉಬ್ಬರದ ನೀರು ಸುತ್ತುವರಿದು ಬಂಡೆ ಮೇಲೆ ಸಿಕ್ಕಿಬಿದ್ದ ಸಂಸಾರ, ಹಲಗೆ ಮೇಲೆ ತೇಲುತ್ತಾ ದೂರ ಹೋದ ಹುಡುಗ, ಬಂಡೆಯಿಂದ ಬಿದ್ದ ನಾಯಿ. ಒಮ್ಮೊಮ್ಮೆ ಹೋಗಿ ನೋಡಿದರೆ ಏನೂ ಇರುವುದಿಲ್ಲ. ಒಳ್ಳೆ ಮನಸ್ಸಿನಿಂದ ಫೋನ್ ಮಾಡಿದವರನ್ನು ಅವರು ಬೈಯುವುದಿಲ್ಲ, ಮುಂದಿನ ಸಲ ಕರೆ ಮಾಡಲು ಹಿಂಜರಿಯಬಾರದಲ್ಲ. ಕಷ್ಟವಾಗುವುದು ತಡವಾಗಿ ತಲುಪಿದಾಗ. ಸತ್ತವರು ಎಷ್ಟೋ ಸಲ ಪರಿಚಯದವರೇ ಆಗಿರುತ್ತಾರೆ, ಊರು ಅಷ್ಟು ಚಿಕ್ಕದು. ಅಂಥ ದಿನ ದೋಣಿ ತೊಳೆದಾದ ಮೇಲೂ ಯಾರೂ ಮನೆಗೆ ಹೊರಡುವುದಿಲ್ಲ. ಚಹಾ ಮಾಡಿಕೊಂಡು ಒಟ್ಟಿಗೆ ಕೂತಿರುತ್ತಾರೆ.

ಕಾರ್ನ್‌ವಾಲಿನ ಮೌಝಲ್ ಅನ್ನೋ ಹಳ್ಳಿ ಇದನ್ನೆಲ್ಲ ಅನುಭವಿಸಿದ ಊರು. 1981ರ ಡಿಸೆಂಬರ್ 19. ಯೂನಿಯನ್ ಸ್ಟಾರ್ ಎಂಬ ಹೊಸ ಸರಕು ಹಡಗು, ಮೊದಲ ಪ್ರಯಾಣ. ಇಂಧನಕ್ಕೆ ಸಮುದ್ರದ ನೀರು ಸೇರಿ ಇಂಜಿನ್ ನಿಂತಿತು. ಒಳಗೆ ಎಂಟು ಜನ, ಅವರಲ್ಲಿ ಕ್ಯಾಪ್ಟನ್ನಿನ ಹೆಂಡತಿ ಮತ್ತು ಆಕೆಯ ಇಬ್ಬರು ಹೆಣ್ಣುಮಕ್ಕಳು. ಹೆಲಿಕಾಪ್ಟರ್ ಬಂದರೂ ಅಲೆಗಳ ಎತ್ತರಕ್ಕೆ ಯಾರನ್ನೂ ಎತ್ತಲಾಗಲಿಲ್ಲ. ಪೆನ್‌ಲೀ ನಿಲ್ದಾಣದ ಸಾಲೊಮನ್ ಬ್ರೌನ್ ಎಂಬ ಮರದ ಲೈಫ್‌ಬೋಟಿಗೆ ಕರೆ ಹೋಯಿತು. ಓಡಿಬಂದವರಲ್ಲಿ ಕಾಕ್ಸ್‌ವೈನ್ ಟ್ರೆವೆಲಿಯನ್ ರಿಚರ್ಡ್ಸ್ ಏಳು ಜನರನ್ನು ಆರಿಸಿದರು. ಹದಿಹರೆಯದ ಒಬ್ಬ ಹುಡುಗ ತಾನೂ ಬರ್ತೀನಿ ಅಂದ. ಅವನ ಅಪ್ಪ ಆಗಲೇ ದೋಣಿಯಲ್ಲಿದ್ದರು. ಇಂಥ ರಾತ್ರಿ ಒಂದು ಮನೆಯಿಂದ ಒಬ್ಬರಿಗಿಂತ ಜಾಸ್ತಿ ಬೇಡ ಅಂತ ರಿಚರ್ಡ್ಸ್ ಅವನನ್ನು ದಡದಲ್ಲೇ ಬಿಟ್ಟರು.

ಆ ಮರದ ದೋಣಿ ಮತ್ತೆ ಮತ್ತೆ ಹಡಗಿನ ಪಕ್ಕಕ್ಕೆ ಹೋಯಿತು. ನಾಲ್ಕು ಜನರನ್ನು ತೆಗೆದುಕೊಂಡಿದ್ದೇವೆ ಅಂತ ರೇಡಿಯೋದಲ್ಲಿ ಹೇಳಿದರು. ಉಳಿದವರಿಗಾಗಿ ವಾಪಸ್ ಹೋದರು. ಆಮೇಲೆ ರೇಡಿಯೋ ಮೌನವಾಯಿತು. ಲೈಫ್‌ಬೋಟಿನ ಎಂಟು, ಹಡಗಿನ ಎಂಟು, ಹದಿನಾರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಒಂದು ದಿನ ಕಳೆಯುವುದರೊಳಗೆ, ಹೊಸ ದೋಣಿಗೆ ಸಾಕಾಗುವಷ್ಟು ಜನ ಆ ಹಳ್ಳಿಯಲ್ಲಿ ಹೆಸರು ಕೊಟ್ಟರು. ಈಗಲೂ ಪ್ರತಿ ಡಿಸೆಂಬರ್ 19ರಂದು ರಾತ್ರಿ ಎಂಟರಿಂದ ಒಂಬತ್ತರವರೆಗೆ ಮೌಝಲ್ ಬಂದರಿನ ಕ್ರಿಸ್ಮಸ್ ದೀಪಗಳನ್ನು ಆರಿಸುತ್ತಾರೆ. ದಡದಲ್ಲಿ ಬಿಟ್ಟುಹೋದ ಆ ಹುಡುಗ ಮುಂದೆ ಪೆನ್‌ಲೀ ಲೈಫ್‌ಬೋಟಿನ ಕಾಕ್ಸ್‌ವೈನ್ ಆದ.